ಪೆಸೊ ಬೆಲೆ ಹೋದ ಮೇಲೆ

ಮ್ಯಾಡ್ರಿಡ್‌ನಿಂದ ರೊಮಿನಾಳ ಕರೆ ಬಂದಾಗ ರೊಸಾರಿಯೊದಲ್ಲಿದ್ದ ಅಯೆಲೆನ್ ಫೋನ್ ಎತ್ತದೆ ನೋಡುತ್ತಲೇ ಇದ್ದಳು. ರಿಯಾಯಿತಿ ಬಂದಾಗ ಮಾತ್ರ ಇವಳನ್ನು ನೆನೆಸಿಕೊಳ್ಳುವ ಗೆಳತಿ ಅವಳು. ಅಲ್ಲಿ ಅರವತ್ತು ಯೂರೊ ಆಗುವ ವಿಡಿಯೊ ಗೇಮನ್ನು ಅರ್ಜೆಂಟೀನಾದ ಅಗ್ಗದ ಪೆಸೊ ಬೆಲೆಗೆ ಇವಳಿಂದ ಕೊಳ್ಳಿಸುತ್ತಿದ್ದಳು. ಆದರೆ ಕಳೆದ ವಾರದಿಂದ ಆನ್‌ಲೈನ್ ಅಂಗಡಿ ಇಲ್ಲೂ ದುಬಾರಿ ಡಾಲರ್ ಬೆಲೆಯಲ್ಲೇ ಮಾರುತ್ತಿತ್ತು. ಮತ್ತೆ ಈ ಕರೆ ಯಾಕೆ?

"ಅಗ್ಗದ ನೆಂಟಸ್ತಿಕೆ ಮುಗೀತು ಕಣೇ," ಎಂದಳು ಅಯೆಲೆನ್, ಫೋನ್ ಎತ್ತಿದ ಕೂಡಲೇ.

"ಗೊತ್ತು. ಆ ಅಂಗಡೀಲಿರೋ ನಿನ್ನ ಖಾತೆ ನೋಡು."

ಹೊಸ ಗೇಮೊಂದು ಉಡುಗೊರೆಯಾಗಿ ಬಂದಿತ್ತು. ಈಗಿನ ಬೆಲೆಯಲ್ಲಿ ಅದು ಅಯೆಲೆನ್‌ಳ ಒಂದು ವಾರದ ಸಂಬಳ.

"ಇದಕ್ಕೆ ಬದಲಾಗಿ ನಾನೇನು ಮಾಡ್ಬೇಕು?"

ರೊಮಿನಾ ನಗಲಿಲ್ಲ. "ಇಬ್ರು ಸೇರಿ ಆಡೋ ಆಟ ಅದು. ಇಲ್ಲಿ ನನ್ ಜೊತೆ ಆಡೋರು ಯಾರೂ ಇಲ್ಲ ಕಣೇ."

ಅಯೆಲೆನ್ ಕುರ್ಚಿ ಎಳೆದುಕೊಂಡು ಕೂತಳು.