ಒಂದು ಊದಿದರೆ ನಿಲ್ಲಬೇಕು

"ಎಲ್ಲರಿಗಿಂತ ಹಿಂದೆ ನಡೆಯೋಕೆ ಒಬ್ಬರು ಬೇಕು. ಯಾರು ಬರ್ತೀರಿ?" ಎಂದು ಅರ್ಪಿತ ಕೇಳಿದಾಗ, ತುರಹಳ್ಳಿ ಕಾಡಿನ ಅಂಚಿನಲ್ಲಿ ನಿಂತಿದ್ದ ಗುಂಪಿನಲ್ಲಿ ಯಾರೂ ಕೈ ಎತ್ತಲಿಲ್ಲ. ಶಂಭುಲಿಂಗಪ್ಪ ಹೆಂಡತಿಯ ಕಡೆ ಬೆರಳು ಮಾಡಿ, "ನಮ್ಮನೆಯವಳನ್ನ ಹಾಕ್ಕೊಳ್ಳಮ್ಮ, ಅವಳಿಗೆ ಅಭ್ಯಾಸ ಇದೆ," ಎಂದ. ಎಲ್ಲರೂ ನಕ್ಕರು. ಗಿರಿಜಾದೇವಿಯೂ ನಕ್ಕಳು.

ಭಾನುವಾರಗಳಂದು ಜನರನ್ನು ಪುಕ್ಕಟೆಯಾಗಿ ಕಾಡುಮೇಡು ಸುತ್ತಿಸಿ, ಗಿಡದ್ದು, ಕಲ್ಲಿನದ್ದು, ಹಳೆಯ ಊರುಗಳದ್ದು ಕಥೆ ಹೇಳುವ ಹುಡುಗಿ ಅರ್ಪಿತ. ಅವಳು ಕೆಂಪು ದಾರದ ವಿಷಲೊಂದನ್ನು ಗಿರಿಜಾದೇವಿಯ ಕೊರಳಿಗೆ ಹಾಕಿದಳು. "ಇದೇನು ಸಣ್ಣ ಕೆಲಸ ಅಲ್ಲ ಆಂಟಿ. ನಿಮ್ಮ ಹಿಂದೆ ಯಾರೂ ಉಳೀಬಾರ್ದು. ನೀವು ಒಂದು ಊದಿದ್ರೆ ಎಲ್ಲರೂ ನಿಲ್ಲಬೇಕು. ಎರಡು ಊದೋವರೆಗೂ ಯಾರೂ ಮುಂದೆ ಹೋಗೋ ಹಾಗಿಲ್ಲ. ನಾನೂ ಅಷ್ಟೇ."

"ಕಂಡಕ್ಟರ್ ಕೆಲಸ ಸಿಕ್ತು ನೋಡು ನಿಂಗೆ," ಎನ್ನುತ್ತ ಶಂಭುಲಿಂಗಪ್ಪ ಆಗಲೇ ಮುಂದೆ ಹೊರಟಿದ್ದ.

ಅಭ್ಯಾಸವೇನೋ ನಿಜ. ಮದುವೆಯಾದಾಗಿನಿಂದ ಅವನು ಮುಂದೆ, ಅವಳು ಹಿಂದೆ. ಅವನ ಮುಖಕ್ಕಿಂತ ಬೆನ್ನೇ ಅವಳಿಗೆ ಹೆಚ್ಚು ಪರಿಚಯ. ಅಂಗಿಯ ಕಾಲರ್ ಸವೆದದ್ದು ಅವನಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಗಂಡನ ಹೆಸರು ಹಿಡಿದು ಕೂಗುವುದು ಅವಳ ತವರಿನ ಕಡೆ ರೂಢಿಯಲ್ಲ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ "ರೀ... ರೀ..." ಎಂದು ಕರೆದರೆ, ಬಾಳೆಹಣ್ಣು ಆರಿಸುತ್ತಿದ್ದ ಯಾರಯಾರದೋ ಗಂಡಂದಿರೆಲ್ಲ ತಿರುಗುತ್ತಿದ್ದರು, ಅವಳ ಗಂಡನೊಬ್ಬನನ್ನು ಬಿಟ್ಟು. ಇಷ್ಟು ವರ್ಷ ಆ ಬೆನ್ನಿಗೆ ಹೇಳಿದ ಮಾತುಗಳಲ್ಲಿ ಅವನಿಗೆ ಮುಟ್ಟಿದವು ಎಷ್ಟೋ! ಒಂದು ದಿನವಾದರೂ ಜೊತೆಯಲ್ಲಿ ನಡೆಯಬೇಕೆಂಬ ಆಸೆಯಿಂದಲೇ ಅವಳು ಇವತ್ತು ಅವನನ್ನು ಹೊರಡಿಸಿದ್ದು. ಪೇಪರಿನ ಪ್ರಕಟಣೆಯಲ್ಲಿ 'ಉಚಿತ' ಎಂದಿದ್ದುದರಿಂದ ಅವನೂ ಒಪ್ಪಿದ್ದ.

ದೊಡ್ಡ ಬಂಡೆಯೊಂದಕ್ಕೆ ಅಂಗೈ ಒತ್ತಿ ಅರ್ಪಿತ, "ಈ ಕಲ್ಲಿಗೆ ಹತ್ತಿರ ಹತ್ತಿರ ಮುನ್ನೂರು ಕೋಟಿ ವರ್ಷ," ಎಂದಳು.

"ಹಾಗಾದ್ರೆ ಇನ್ನೆಲ್ಲೂ ಹೋಗಲ್ಲ ಬಿಡಮ್ಮ. ನಾವು ಹೋಗೋಣ," ಎಂದು ಶಂಭುಲಿಂಗಪ್ಪ ಅವಳನ್ನೂ ದಾಟಿ ನಡೆದ.

ಕೊನೆಯಲ್ಲಿ ಬರುತ್ತಿದ್ದ ಗಿರಿಜಾದೇವಿಗೆ ಕಾಲುದಾರಿಯ ಪಕ್ಕದ ಲಂಟಾನ ಪೊದೆಯ ಬುಡದಲ್ಲಿ ಬೆಳ್ಳಗೆ ಏನೋ ಅಲುಗಿದಂತೆ ಕಂಡಿತು. ಹಾವಿನ ಪೊರೆ. ಗಾಳಿ ಬೀಸಿದಾಗಲೆಲ್ಲ ಉಸಿರು ತುಂಬಿಕೊಂಡಂತೆ ಉಬ್ಬುತ್ತಿತ್ತು. "ರೀ" ಎನ್ನಲು ಬಾಯಿ ತೆರೆದವಳು ವಿಷಲನ್ನು ತುಟಿಗಿಟ್ಟುಕೊಂಡಳು. ಮೊದಲು ಬರಿಯ ಗಾಳಿ ಬಂತು. ಮತ್ತೆ ಊದಿದಾಗ ಕಾಡಿಗೆಲ್ಲ ಕೇಳಿಸಿತು. ನೀರು ಕುಡಿಯುತ್ತಿದ್ದವರು ಬಾಟಲಿ ಎತ್ತಿಕೊಂಡೇ ನಿಂತರು. ತುಂಬ ಮುಂದೆ, ಏರಿನ ಮೇಲೆ, ಶಂಭುಲಿಂಗಪ್ಪನೂ ನಿಂತ. ತಿರುಗಿಯೂ ನೋಡಿದ.

"ಏನೇ ಆಯ್ತು? ಬಿದ್ಯೇನೇ?" ಎಂದು ಏದುಸಿರು ಬಿಡುತ್ತ ಇಳಿದು ಬಂದ.

"ಇಲ್ಲ. ಹಾವಿನ ಪೊರೆ ಇದೆ, ನೋಡಿ."

"ನಾನು ಇದೇ ದಾರೀಲಿ ತಾನೇ ಹೋಗಿದ್ದು? ನಂಗೆ ಕಾಣಿಸ್ಲೇ ಇಲ್ವಲ್ಲ!"

ಬಗ್ಗಿ ನೋಡುತ್ತಿದ್ದ ಅರ್ಪಿತ, "ಬಾಲದ ಕಡೆ ಹರಿದುಹೋಗಿದೆ," ಎಂದವಳು ಅವನ ಕಾಲನ್ನು ನೋಡಿ ನಗು ತಡೆದುಕೊಂಡಳು. "ಅಂಕಲ್, ಬಾಲ ನಿಮ್ಮ ಜೊತೇಲೇ ಬಂದಿದೆ."

ಬೂಟಿನ ಹಿಮ್ಮಡಿಗೆ ಅಂಟಿ ಜೋತಾಡುತ್ತಿದ್ದ ಪೊರೆಯನ್ನು ಕಂಡು ಶಂಭುಲಿಂಗಪ್ಪ ಒಂಟಿಗಾಲಿನಲ್ಲಿ ಕುಣಿದ. "ತೆಗಿಯೇ, ತೆಗಿಯೇ!" ಎಂದು ಹೆಂಡತಿಯ ಹೆಗಲನ್ನು ಬಿಗಿಯಾಗಿ ಹಿಡಿದುಕೊಂಡ. ಹೊರಗೆ ನಾಲ್ಕು ಜನರ ಎದುರು ಅವನು ಅವಳನ್ನು ಹಿಡಿದುಕೊಂಡದ್ದು ಮದುವೆ ಮಂಟಪದ ನಂತರ ಇದೇ ಮೊದಲು. ಅವಳು ನಿಧಾನವಾಗಿಯೇ ತೆಗೆದಳು.

ಹೊರಡುವಾಗ ವಿಷಲನ್ನು ವಾಪಸು ಕೊಡಲು ಹೋದರೆ ಅರ್ಪಿತ ತೆಗೆದುಕೊಳ್ಳಲಿಲ್ಲ. "ನಿಮ್ಮ ಹತ್ರಾನೇ ಇರ್ಲಿ ಆಂಟಿ. ಪ್ರತಿ ಭಾನುವಾರ ಬನ್ನಿ, ಇನ್ಮೇಲೆ ಈ ಕೆಲಸ ನಿಮ್ದೇ." ಗಿರಿಜಾದೇವಿ ಯಾರನ್ನೂ ಕೇಳದೆ "ಹೂಂ" ಎಂದುಬಿಟ್ಟಳು. ಆಮೇಲೆ ನೆನಪಾಯಿತು. ಭಾನುವಾರ ಬೆಳಿಗ್ಗೆ ಎಂದರೆ ಅವನ ದೋಸೆಯ ಬೆಳಿಗ್ಗೆ. ಬಸ್ಸಿನಲ್ಲಿ ಹೇಳೋಣವೆಂದರೆ ಹೆಂಗಸರು ಮುಂದೆ, ಗಂಡಸರು ಹಿಂದೆ.

ಮನೆಯ ಹತ್ತಿರ, ಜರಗನಹಳ್ಳಿಯಲ್ಲಿ ಇಳಿದದ್ದೇ ಅವನು ಮತ್ತೆ ಮುಂದೆ.

"ರೀ, ಇನ್ಮೇಲೆ ಪ್ರತಿ ಭಾನುವಾರ ನಾನು ಹೋಗ್ತೀನಿ," ಎಂದಳು. ಬೆನ್ನಿಗೆ ಕೇಳಿಸಲಿಲ್ಲ. "ರೀ!" ಕ್ಯಾಸೆಟ್ ಅಂಗಡಿಯವನು ತಿರುಗಿದ. ಎಳನೀರಿನವನೂ ತಿರುಗಿದ.

ಗಿರಿಜಾದೇವಿ ವಿಷಲನ್ನು ಒಂದೇ ಒಂದು ಸಲ ಊದಿದಳು.

ಶಂಭುಲಿಂಗಪ್ಪ ಎತ್ತಿದ ಕಾಲನ್ನು ಅಲ್ಲೇ ಇಳಿಸಿ ನಿಂತ. ಅವಳು ಅವಸರವಿಲ್ಲದೆ ನಡೆದು ಬಂದು, ಅವನ ಪಕ್ಕದಲ್ಲಿ ನಿಂತು, ಹೇಳಬೇಕಾದ್ದನ್ನು ಇನ್ನೊಮ್ಮೆ ಹೇಳಿದಳು.

"ಪ್ರತಿ ಭಾನುವಾರಾನಾ? ಮತ್ತೆ ದೋಸೆ?"

"ಬಂದ್ಮೇಲೆ ಹಾಕ್ತೀನಿ. ಹಸಿವು ತಡೆಯಲ್ಲ ಅಂದ್ರೆ ಉಪ್ಪಿಟ್ಟು ಮಾಡ್ಕೊಳ್ಳಿ. ರವೆ ಡಬ್ಬ ಎಲ್ಲಿದೆ ಅಂತ ತೋರಿಸ್ತೀನಿ. ಇಲ್ಲಾಂದ್ರೆ ನನ್ ಜೊತೆ ಬನ್ನಿ."

ಅವನು ಕಣ್ಣಂಚಿನಲ್ಲೇ ಎಳನೀರಿನವನ ಕಡೆ ನೋಡಿದ. ಆತ ಮಚ್ಚು ಕೆಳಗಿಟ್ಟು ಹಲ್ಲು ಬಿಡುತ್ತಿದ್ದ. ಶಂಭುಲಿಂಗಪ್ಪ ದನಿ ತಗ್ಗಿಸಿದ. "ಆಯ್ತು ಕಣೇ. ಎರಡು ಊದು, ಹೋಗೋಣ."

ಗಿರಿಜಾದೇವಿ ವಿಷಲನ್ನು ತುಟಿಗಿಟ್ಟುಕೊಂಡು, ಊದದೆ, ಅವನನ್ನೇ ನೋಡುತ್ತ ನಿಂತಳು. ಪಕ್ಕದಿಂದ ನೋಡಿದರೆ ಅವನ ಮೂಗು ಸ್ವಲ್ಪ ಸೊಟ್ಟ. ಇಷ್ಟು ವರ್ಷ ಗೊತ್ತೇ ಇರಲಿಲ್ಲ.