ಉಗುರಿನಡಿಯ ಹಸಿರು

ನರ್ಸರಿಯ ಬೋರಮ್ಮ ಒಣಗಿದ ಸಂಪಿಗೆ ಗಿಡದ ಕಾಂಡಕ್ಕೆ ಹೆಬ್ಬೆರಳಿನ ಉಗುರು ಒತ್ತಿದಾಗ ಲತಾಮಣಿ ಮುಖ ತಿರುಗಿಸಿಕೊಂಡಳು. ಬೇರೆ ಬೇರೆ ನರ್ಸರಿಗಳಿಂದ ತಂದ ಮೂರು ಗಿಡ ಅವಳ ಅಂಗಳದಲ್ಲಿ ಸತ್ತಿದ್ದವು, ಇದು ನಾಲ್ಕನೆಯದು. "ನಿನ್ ಕೈಗುಣವೇ ಸರಿಯಿಲ್ಲ" ಎಂದು ಅತ್ತೆ ಅಂದದ್ದನ್ನು ಅವಳೂ ನಂಬಿಬಿಟ್ಟಿದ್ದಳು. ಅದೇ ಕುಂಡಕ್ಕೆ ಹೊಸ ಗಿಡ ಹಾಕಿಸಿಕೊಳ್ಳೋಣವೆಂದು ಯಾರನ್ನೋ ಕೇಳಿಕೊಂಡು ಕುಂಡದ ಸಮೇತ ಕೂಟಗಲ್ಲಿನ ಈ ನರ್ಸರಿಗೆ ಬಂದಿದ್ದಳು.

"ಇಲ್ಲಿ ನೋಡವ್ವ."

ಕಂದು ಸಿಪ್ಪೆ ಎದ್ದ ಕಡೆ, ಉಗುರಿನಷ್ಟೇ ಅಗಲಕ್ಕೆ, ಒದ್ದೆಯಾದ ಎಳೆ ಹಸಿರು ಹೊಳೆಯುತ್ತಿತ್ತು. ಲತಾಮಣಿ ಬಗ್ಗಿ ನೋಡಿದಳು. ಒಂದೆಲೆಯೂ ಇಲ್ಲದ ಆ ಕಡ್ಡಿ ತಿಂಗಳಿಂದ ಯಾರಿಗೂ ಹೇಳದೆ ಒಳಗೊಳಗೇ ಬದುಕಿಕೊಂಡಿತ್ತು!

"ಜೀವ ಐತೆ ಕಣವ್ವ. ನೀರು ಜಾಸ್ತಿ ಹುಯ್ದಿದ್ದೀಯ, ಅಷ್ಟೇಯ. ಮಣ್ಣು ಬದಲಾಯಿಸಿ ಕೊಡ್ತೀನಿ, ಒಸಿ ದಿನ ನೆಳ್ಳಲ್ಲಿ ಮಡಗು. ಹೊಸದು ಬ್ಯಾಡ."

"ನನ್ ಕೈಲಿ ಉಳೀತದಾ ಅಮ್ಮಾ?"

"ಇಷ್ಟು ದಿನ ಯಾರ ಕೈಲಿ ಉಳ್ಕಂಡಿತ್ತು ಮತ್ತೆ?"

ಲತಾಮಣಿ ಆ ಹಸಿರನ್ನು ಮುಟ್ಟಲು ಕೈ ಚಾಚಿದಳು. ಮುಟ್ಟುವ ಮೊದಲು ಏನನ್ನಿಸಿತೋ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು.