ಮಣ್ಣಿನೊಳಗಿನ ಫೋನು

ಮಣ್ಣು ಮಾಡಿದ ಮೂರನೇ ದಿನ ತೋಟದಂಚಿನಲ್ಲಿದ್ದ ಗಂಡ ಆಂಜಿನಪ್ಪನ ಸಮಾಧಿಗೆ ಹಾಲುತುಪ್ಪ ಬಿಡಲು ಬಗ್ಗಿದ ದ್ಯಾವಮ್ಮನ ಕೈ ಗಾಳಿಯಲ್ಲೇ ನಿಂತಿತು. ಮಣ್ಣಿನೊಳಗೆ ಮೊಬೈಲು ರಿಂಗಾಗುತ್ತಿತ್ತು.

"ಅಪ್ಪಂಗೆ ಅದಂದ್ರೆ ಪ್ರಾಣ ಅಂತ ಎಲೆಅಡಿಕೆ ಜೊತೆ ನಾನೇ ಜೇಬಿಗಿಟ್ಟೆ ಕಣವ್ವ," ಮಗ ಚಲಪತಿ ತೊದಲಿದ. "ತೋಟಕ್ಕೆ ಕರೆಂಟ್ ಬಂದೈತೆ. ಬೋರ್‌ವೆಲ್ ಸ್ಟಾರ್ಟರು ಅಪ್ಪನ ನಂಬರಿಗೇ ಫೋನ್ ಮಾಡ್ತೈತೆ. ಎತ್ತಿ ‘ಒಂದು’ ಒತ್ತಿದ್ರೆ ಮೋಟರ್ ಆನ್ ಆಗೋದು."

"ಒತ್ತೋರು ಯಾರ್ಲಾ ಇನ್ನ?"

ಮೂವತ್ತು ವರ್ಷ ಮೋಟರ್ ಹಾಕಲು ಹಾವುಹುಳ ಲೆಕ್ಕಿಸದೆ ತೋಟಕ್ಕೆ ಓಡಿದ್ದ ಆಂಜಿನಪ್ಪ, ಈ ಫೋನು ಬಂದಮೇಲೆ ಮಲಗಿದಲ್ಲಿಂದಲೇ ನೀರು ಬಿಡುತ್ತಿದ್ದ.

ರಿಂಗು ಅರ್ಧಕ್ಕೇ ನಿಂತಿತು. ಚಲಪತಿ ಅಮ್ಮನ ತೋಳು ಹಿಡಿದುಕೊಂಡ. ಅತ್ತ ಬೋರ್‌ವೆಲ್ ಪೈಪು ಎರಡು ಸಲ ಕೆಮ್ಮಿ, ಭೋರೆಂದು ನೀರು ಸುರಿಯತೊಡಗಿತು.